ಹಾಡು ಯಾರ ಊರಿನದು? ಬಾಲ್ಕನ್ ಜಾನಪದ ಗೀತೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಬಾಲ್ಕನ್ ನಾಡುಗಳ ಹಾಡುಗಳನ್ನು ಕುರಿತು ಬಂದಿರುವ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಕೂಡಿಸಿ ಒಂದೇ ಪ್ರಶ್ನೆಯಾಗಿ ಕೊಟ್ಟಿದ್ದೇವೆ.

ಪ್ರಶ್ನೆ: ಇಸ್ತಾಂಬುಲ್ ನೋಡಲು ಹೋಗಿದ್ದಾಗ ‘ಉಸ್ಕುದಾರಾ ಗಿದೆರಿಕೆನ್’ ಎಂಬ ಹಾಡು ಕೇಳಿ ಮೆಚ್ಚಿಕೊಂಡೆ. ಅದು ಟರ್ಕಿಯ ಹಾಡು ಅಂತ ಹೇಳಿದರೆ ನಮ್ಮ ಕಚೇರಿಯ ಸರ್ಬಿಯಾದ ಸಹೋದ್ಯೋಗಿಗೆ ಸಿಟ್ಟು ಬರುತ್ತದೆ, ತಮ್ಮದು ಅನ್ನುತ್ತಾರೆ. ನಿಜಕ್ಕೂ ಅದು ಯಾರದು? (ಮೈಸೂರಿನ ಓದುಗರು)

ಉತ್ತರ: ಈ ಜಗಳದಲ್ಲಿ ನಿಮ್ಮ ಸಹೋದ್ಯೋಗಿ ಒಬ್ಬರೇ ಇಲ್ಲ. ಇದೇ ಧಾಟಿಗೆ ಸರ್ಬಿಯಾದಲ್ಲಿ ‘ರೂಸೆ ಕೊಸೆ ತ್ಸುರೊ ಇಮಾಷ್’ ಎಂದು ಹೊಂಗೂದಲ ಹುಡುಗಿಯ ಹಾಡಿದೆ. ಬೋಸ್ನಿಯಾದಲ್ಲಿ ಅನಾತೋಲಿಯಾದ ಹೆಣ್ಣನ್ನು ‘ನನ್ನವಳಾಗು’ ಎಂದು ಕರೆಯುವ ಸೆವ್ದಾಲಿಂಕಾ, ಅಂದರೆ ಅಲ್ಲಿನ ಸಾಂಪ್ರದಾಯಿಕ ಪ್ರೇಮಗೀತೆ, ಇದೆ. ಗ್ರೀಕರು ‘ಅಪೊ ಕ್ಸೆನೊ ತೋಪೊ’ ಎಂದು ಹಾಡುತ್ತಾರೆ. ಅಲ್ಬೇನಿಯಾ, ಮ್ಯಾಸಿಡೋನಿಯಾಗಳಲ್ಲೂ ಪ್ರೇಮಗೀತೆಗಳಿವೆ. ಬಲ್ಗೇರಿಯಾದ ಸ್ತ್ರಾಂಜಾ ಬೆಟ್ಟಸೀಮೆಯಲ್ಲಿ ಮಾತ್ರ ಅದೇ ಧಾಟಿ ತುರ್ಕರ ಆಳ್ವಿಕೆಯ ವಿರುದ್ಧ ನಡೆದ 1903ರ ದಂಗೆಯನ್ನು ನೆನೆಯುವ ಹೋರಾಟದ ಗೀತೆ. ಅಲ್ಲಿ ಹೋಗಿ ‘ಇದು ತುರ್ಕರ ಹಾಡಲ್ಲವೇ’ ಎಂದರೆ ಏನಾಗಬಹುದು ಎಂಬುದನ್ನು ಬಲ್ಗೇರಿಯಾದ ನಿರ್ದೇಶಕಿ ಅದೆಲಾ ಪೇವಾ ತಮ್ಮ 2003ರ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿದ್ದಾರೆ. ಈ ಒಂದೇ ಹಾಡಿನ ಜಾಡು ಹಿಡಿದು ಅವರು ದೇಶದಿಂದ ದೇಶಕ್ಕೆ ಅಲೆದರು. ಹೋದಲ್ಲೆಲ್ಲ ‘ಇದು ನಮ್ಮದೇ’ ಎಂಬ ಉತ್ತರ, ಕೆಲವು ಕಡೆ ಬೆದರಿಕೆ.

ಈ ಹಾಡನ್ನು ಮೂರು ಪದರವಾಗಿ ಬಿಡಿಸಿಕೊಳ್ಳಿ: ಸಾಹಿತ್ಯ, ಧಾಟಿ, ಧ್ವನಿಮುದ್ರಣ. ಮೂರಕ್ಕೂ ಒಂದೇ ವಯಸ್ಸು ಇರುವುದಿಲ್ಲ. ಬಹುತೇಕ ಜಗಳಗಳು ಒಬ್ಬರು ಸಾಹಿತ್ಯದ ಬಗ್ಗೆ, ಇನ್ನೊಬ್ಬರು ಧಾಟಿಯ ಬಗ್ಗೆ ಮಾತಾಡುವುದರಿಂದಲೇ ಹುಟ್ಟುತ್ತವೆ.

ಟರ್ಕಿ ಸಾಹಿತ್ಯವನ್ನು ನೋಡಿ. ಇಸ್ತಾಂಬುಲ್‌ನ ಉಸ್ಕುದಾರ ಎಂಬ ಬಡಾವಣೆಗೆ ಹೋಗುವ ದಾರಿಯಲ್ಲಿ ಮಳೆ ಬರುತ್ತದೆ, ಗುಮಾಸ್ತನ ಉದ್ದ ಕೋಟಿನ ಅಂಚು ಕೆಸರಾಗುತ್ತದೆ. ‘ಸೆತ್ರೆ’ ಎಂಬ ಆ ಕೋಟು 19ನೇ ಶತಮಾನದ ಉಡುಪು ಸುಧಾರಣೆಯ ನಂತರ ಆಟೋಮನ್ ಕಚೇರಿಗಳ ನೌಕರರ ಮೈಮೇಲೆ ಬಂದದ್ದು. ಹಾಗಾಗಿ ಈ ಸಾಲುಗಳು ಅದಕ್ಕಿಂತ ಹಳೆಯವಾಗಲಾರವು. ಸ್ತ್ರಾಂಜಾದ ಹಾಡಿಗೂ ಇದೇ ನ್ಯಾಯ. ದಂಗೆಯ ಸಾಲುಗಳ ವಯಸ್ಸು ದಂಗೆಯ ಹತ್ತಿರದ್ದು, ಧಾಟಿಯದು ಬೇರೆ ಲೆಕ್ಕ. ಕ್ರಿಮಿಯಾ ಯುದ್ಧದ ಕಾಲದಲ್ಲಿ (1853–56) ಉಸ್ಕುದಾರದ ಸೆಲಿಮಿಯೆ ಬ್ಯಾರಕ್ಕಿನಲ್ಲಿ ತಂಗಿದ್ದ ಸ್ಕಾಟ್ಲೆಂಡ್ ಸೈನಿಕರ ಕವಾಯತಿನ ಧಾಟಿಯೇ ಇದು ಎಂಬ ಮಾತೂ ಟರ್ಕಿಯಲ್ಲಿ ಹರಡಿದೆ. ಯುದ್ಧಕ್ಕಿಂತ ಹಿಂದಿನ, ಸಾಲು ಸಾಲೂ ಹೊಂದುವ ಸ್ವರಲಿಪಿಯನ್ನು ತೋರಿಸಿದರೆ ಮಾತ್ರ ಅದಕ್ಕೆ ತೂಕ. ಬರೇ ‘ಕವಾಯತಿನ ಹಾಗೆ ಕೇಳಿಸುತ್ತದೆ’ ಎಂದರೆ ಸಾಲದು.

ಟರ್ಕಿಯಲ್ಲಿ ಇದನ್ನು ನಿಹಾವೆಂದ್ ಎಂಬ ಮಕಾಮಿನಲ್ಲಿ (ನಮ್ಮ ರಾಗದಂಥದ್ದು) ಹಾಡುತ್ತಾರೆ. ನಮ್ಮ ಕಿವಿಗೆ ಅದು ನಟಭೈರವಿ, ಕೀರವಾಣಿಗಳ ಅಕ್ಕಪಕ್ಕ ಕೇಳಿಸುತ್ತದೆ. ಬಂದರು, ಪಾಳೆಯ, ಕಾಫಿ ಅಂಗಡಿ, ಮದುವೆ ಮನೆ, ಎಲ್ಲ ಕಡೆಗೂ ಒಂದೇ ವಾದ್ಯಮೇಳ ಹೋಗುತ್ತಿದ್ದ ಸಾಮ್ರಾಜ್ಯ ಆಟೋಮನ್ನರದು. ಇಂಥ ಸುಲಭದ ಧಾಟಿ ಗಡಿ ನೋಡಿ ನಿಲ್ಲಲಿಲ್ಲ. 1953ರಲ್ಲಿ ಅರ್ಥಾ ಕಿಟ್ ಅದನ್ನು ಅಮೆರಿಕದಲ್ಲಿ ಹಾಡಿದರು. ನಮ್ಮ ದೇಶಕ್ಕೂ ಬಂದಿದೆ: ಕಾಜಿ ನಜ್ರುಲ್ ಇಸ್ಲಾಂ ‘ತ್ರಿಭುವನೇರ್ ಪ್ರಿಯ ಮುಹಮ್ಮದ್’ ಎಂಬ ಬಂಗಾಳಿ ಭಕ್ತಿಗೀತೆಯನ್ನೂ ‘ಶುಕ್ನೊ ಪಾತಾರ್ ನೂಪುರ್ ಪಾಯೆ’ ಎಂಬ ಹಾಡನ್ನೂ ಇದೇ ಧಾಟಿಗೆ ಹೊಂದಿಸಿದರು. ಧಾಟಿ ಪರದೇಶದ್ದು ಎಂಬ ಕಾರಣಕ್ಕೆ ಅವನ್ನು ಬಂಗಾಳಿ ಹಾಡುಗಳಲ್ಲ ಎನ್ನಲಾದೀತೇ? ಇದೇ ಅಳತೆಗೋಲನ್ನು ಸರ್ಬಿಯಾಕ್ಕೂ ಹಿಡಿಯಿರಿ. ಸಹೋದ್ಯೋಗಿಯ ಅಜ್ಜಿ ಹಾಡಿದ್ದು ಸರ್ಬಿಯಾದ ಹಾಡೇ. ಅಷ್ಟರಿಂದ ಧಾಟಿ ಅಲ್ಲೇ ಹುಟ್ಟಿತು ಎಂದಾಗುವುದಿಲ್ಲ.

ಪ್ರಶ್ನೆ: ಎರಡು ದೇಶಗಳ ಹಾಡು ಒಂದೇ ಧಾಟಿ ಎಂದು ಸುಮ್ಮನೆ ಕಿವಿಯಿಂದ ಹೇಳದೆ, ಕ್ರಮವಾಗಿ ಹೋಲಿಸುವುದು ಹೇಗೆ? ನನಗೆ ಕರ್ನಾಟಕ ಸಂಗೀತದ ಸ್ವರ ಬರೆಯಲು ಬರುತ್ತದೆ, ಸ್ಟಾಫ್ ನೊಟೇಷನ್ ಬರುವುದಿಲ್ಲ. (ಶಿವಮೊಗ್ಗದ ಸಂಗೀತ ವಿದ್ಯಾರ್ಥಿನಿ)

ಉತ್ತರ: ಸರಿಗಮ ಸಾಕು. ಮೊದಲು ಪ್ರತಿ ದೇಶದಿಂದ ಕನಿಷ್ಠ ಮೂರು ಮುದ್ರಣ ಆರಿಸಿಕೊಳ್ಳಿ. ಒಬ್ಬರೇ ಅಥವಾ ಇಬ್ಬರು ಹಾಡಿದ್ದು, ಒಂದೇ ವಾದ್ಯದ ಜೊತೆಯದು ಒಳ್ಳೆಯದು. ಸರ್ಕಾರಿ ಮೇಳಗಳ ದೊಡ್ಡ ವೃಂದಗಾಯನ ಬೇಡ. ಬಲ್ಗೇರಿಯಾದಲ್ಲಿ ಫಿಲಿಪ್ ಕುತೆವ್ 1951ರಲ್ಲಿ ಕಟ್ಟಿದ ಮೇಳ ಹಳ್ಳಿಯ ಹಾಡುಗಳಿಗೆ ಹೊಸ ಸ್ವರಮೇಳ ಸೇರಿಸಿ ವೇದಿಕೆಗೆ ತಂದಿತು. ಕೇಳಲು ಬಹಳ ಚೆನ್ನ, ಆದರೆ ಹೋಲಿಕೆಗೆ ಕೂತರೆ ಸಂಯೋಜಕನ ಕೈಚಳಕವನ್ನೇ ಹಳ್ಳಿಯ ಗುಣ ಎಂದು ತಿಳಿಯುವ ಅಪಾಯವಿದೆ.

ಎಲ್ಲವನ್ನೂ ಒಂದೇ ಶ್ರುತಿಗೆ ತನ್ನಿ. ಹಂಗೇರಿಯ ಸಂಯೋಜಕ, ಜಾನಪದ ಗೀತೆಗಳ ಸಂಗ್ರಾಹಕ ಬೇಲಾ ಬಾರ್ತೋಕ್ ಕೂಡ ಸಾವಿರಾರು ಹಾಡುಗಳನ್ನು ವಿಂಗಡಿಸುವಾಗ ಎಲ್ಲದರ ಕೊನೆಯ ಸ್ವರವನ್ನು ಒಂದೇ ಜಾಗಕ್ಕೆ ತಂದುಕೊಳ್ಳುತ್ತಿದ್ದರು. 78 ಸುತ್ತಿನ ಹಳೆಯ ಗ್ರಾಮಫೋನ್ ತಟ್ಟೆಗಳ ಬಗ್ಗೆ ಎಚ್ಚರ. ತಟ್ಟೆ ಸುಮಾರು 6% ವೇಗವಾಗಿ ತಿರುಗಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ, ಕಾಲವೂ ಚುರುಕಾಗುತ್ತದೆ. ‘ಆ ಊರಿನವರು ಎತ್ತರದ ಶ್ರುತಿಯಲ್ಲಿ ಬೇಗ ಹಾಡುತ್ತಾರೆ’ ಎಂದು ಬರೆದುಕೊಳ್ಳುವ ಮೊದಲು ಅದನ್ನು ಪರೀಕ್ಷಿಸಿ.

ಇನ್ನು ಷಡ್ಜ ಯಾವುದು ಎಂಬ ಪ್ರಶ್ನೆ. ನಮ್ಮವರು ಎಡವುವುದು ಇಲ್ಲೇ. ಕೊನೆಯ ಸ್ವರವೇ ಷಡ್ಜ ಎಂದು ಹಿಡಿದರೆ ಕ್ರೊಯೇಷಿಯಾ, ಸರ್ಬಿಯಾ, ಬೋಸ್ನಿಯಾಗಳ ‘ನಾ ಬಾಸ್’ ಶೈಲಿಯ ಹಾಡುಗಳೆಲ್ಲ ತಪ್ಪು ರಾಗಕ್ಕೆ ಬೀಳುತ್ತವೆ. ಆ ಶೈಲಿಯಲ್ಲಿ ಮೇಲಿನ ಧ್ವನಿ ರಿಷಭದ ಮೇಲೆ ನಿಲ್ಲುತ್ತದೆ, ಕೆಳಗಿನದು ಮಂದ್ರ ಪಂಚಮಕ್ಕೆ ಇಳಿಯುತ್ತದೆ. ಸಾಲುಗಳ ನಡುವೆ ಧಾಟಿ ಎಲ್ಲಿ ವಿಶ್ರಾಂತಿ ಪಡೆಯುತ್ತದೆ ಎಂದು ನೋಡಿ ಷಡ್ಜ ಗೊತ್ತುಮಾಡಿ.

ಆಮೇಲೆ ಹಾಡನ್ನು ಸಾಲುಗಳಾಗಿ ಒಡೆದು ಅ, ಆ, ಇ ಎಂದು ಹೆಸರು ಕೊಡಿ. ಪ್ರತಿ ಸಾಲಿಗೆ ನಾಲ್ಕು ಸಂಗತಿ ಬರೆದುಕೊಳ್ಳಿ: ಮೊದಲ ಸ್ವರ, ಅತಿ ಎತ್ತರದ ಸ್ವರ, ನಿಲುಗಡೆಯ ಸ್ವರ, ಸಾಲಿನಲ್ಲಿರುವ ಅಕ್ಷರಗಳ ಎಣಿಕೆ. ‘ಅಮಾನ್’, ‘ಓಯ್’ ಮುಂತಾದ ಉದ್ಗಾರಗಳನ್ನು ಎಣಿಕೆಯಿಂದ ಬಿಡಿ. ದಕ್ಷಿಣ ಸ್ಲಾವ್ ವೀರಗೀತೆಗಳ ಹತ್ತಕ್ಷರದ ಸಾಲು 4+6 ಎಂದು ಒಡೆಯುತ್ತದೆ. ಎಂಟಕ್ಷರದ್ದು 4+4 ಇರಬಹುದು, 5+3 ಇರಬಹುದು. ಇವೆರಡನ್ನೂ ‘ಎಂಟಕ್ಷರ’ ಎಂದು ಒಂದೇ ಬುಟ್ಟಿಗೆ ಹಾಕಿದರೆ ಹೋಲಿಕೆ ಕೆಟ್ಟಂತೆಯೇ.

ಮೊದಲ ಐದಾರು ಸ್ವರ ಹೊಂದಿದ ಮಾತ್ರಕ್ಕೆ ‘ಸಿಕ್ಕಿತು’ ಎನ್ನಬೇಡಿ. ಪಂಚಮದಿಂದ ಷಡ್ಜಕ್ಕೆ ಮೆಟ್ಟಿಲಿಳಿದ ಹಾಗೆ ಇಳಿಯುವ ಸಾಲು ಬಾಲ್ಕನ್ನಿನಲ್ಲಿ ಬೀದಿಗೊಂದು ಸಿಗುತ್ತದೆ. ಸಾಲುಗಳ ಕ್ರಮ, ಎಲ್ಲ ನಿಲುಗಡೆಗಳು, ಅತಿ ಎತ್ತರದ ಸ್ವರ ಬರುವ ಜಾಗ, ಈ ಮೂರೂ ಹೊಂದಿದರೆ ಒಂದೇ ಧಾಟಿ ಎನ್ನಲು ಧೈರ್ಯ ಬರುತ್ತದೆ. ಅಕಾರ್ಡಿಯನ್ ಜೊತೆಗಿದ್ದರೆ ಮಕಾಮಿನ ಸೂಕ್ಷ್ಮ ಸ್ವರಗಳು ಹನ್ನೆರಡು ಮನೆಗೆ ಸರಿದುಬಿಟ್ಟಿರುತ್ತವೆ, ಅದನ್ನೂ ಟಿಪ್ಪಣಿಯಲ್ಲಿ ಬರೆಯಿರಿ. ಒಂದು ಧಾಟಿ ಇನ್ನೊಂದಕ್ಕಿಂತ ‘ಸರಳ’ವಾಗಿದೆ, ಆದ್ದರಿಂದ ಅದೇ ಮೂಲ ಎಂಬ ವಾದವನ್ನಂತೂ ನಂಬಬೇಡಿ. ಹಾಡುಗಳು ಬಾಯಿಂದ ಬಾಯಿಗೆ ಹೋಗುವಾಗ ಸವೆಯುತ್ತವೆ, ಬೆಳೆಯುತ್ತವೆ ಕೂಡ.

ಪ್ರಶ್ನೆ: ಸರ್ಬಿಯಾದ ಕೋಟೆ ಕಟ್ಟುವ ಹಾಡಿನ ಕಥೆ ನಮ್ಮ ‘ಕೆರೆಗೆ ಹಾರ’ದ ಕಥೆಯೇ ಎಂದು ಎಲ್ಲೋ ಓದಿದೆ. ಸಂಬಂಧ ನಿಜವೇ? (ಧಾರವಾಡದ ನಿವೃತ್ತ ಅಧ್ಯಾಪಕರು)

ಉತ್ತರ: ಹೋಲಿಕೆ ನಿಜ. ಸಂಬಂಧ ಎಂಥದ್ದು ಎಂಬುದು ಬೇರೆ ಪ್ರಶ್ನೆ.

ಸರ್ಬಿಯಾದ ಹಾಡಿನಲ್ಲಿ ಮೃನ್ಯಾವ್ಚೆವಿಚ್ ಮನೆತನದ ಮೂವರು ಅಣ್ಣತಮ್ಮಂದಿರು ಬೊಯಾನಾ ಹೊಳೆಯ ದಂಡೆಯಲ್ಲಿ ಸ್ಕಾದರ್ ಕೋಟೆ ಕಟ್ಟಿಸುತ್ತಾರೆ. ಹಗಲು ಕಟ್ಟಿದ್ದನ್ನು ಇರುಳು ವೀಲಾ ಎಂಬ ಬೆಟ್ಟದ ದೇವತೆ ಕೆಡವುತ್ತಾಳೆ. ನಾಳೆ ಯಾರ ಹೆಂಡತಿ ಬುತ್ತಿ ತರುತ್ತಾಳೋ ಅವಳನ್ನು ಗೋಡೆಗೆ ಕೊಡಬೇಕು, ಯಾರೂ ಮನೆಯಲ್ಲಿ ಬಾಯಿಬಿಡಬಾರದು ಎಂದು ಮಾತಾಗುತ್ತದೆ. ಹಿರಿಯರಿಬ್ಬರೂ ಮಾತು ಮುರಿದು ಹೆಂಡತಿಯರಿಗೆ ತಿಳಿಸುತ್ತಾರೆ. ಕಿರಿಯ ಗೊಯ್ಕೊ ಮಾತು ಉಳಿಸಿಕೊಳ್ಳುತ್ತಾನೆ, ಅವನ ಹೆಂಡತಿ ಬುತ್ತಿ ಹೊತ್ತು ಬರುತ್ತಾಳೆ. ಮೊದಲು ತಮಾಷೆ ಎಂದುಕೊಂಡು ನಗುತ್ತಾಳೆ. ಕಲ್ಲು ಮೇಲೇರಿದಾಗ ಅರ್ಥವಾಗುತ್ತದೆ. ಹಸುಗೂಸಿಗೆ ಹಾಲೂಡಲು ಎದೆಯ ಮಟ್ಟದಲ್ಲಿ ಒಂದು ಕಿಂಡಿ ಬಿಡಿ ಎಂದು ಬೇಡುತ್ತಾಳೆ.

ಗ್ರೀಸಿನಲ್ಲಿ ಇದೇ ಕಥೆ ಆರ್ಟಾದ ಸೇತುವೆಯದು: 45 ಮೇಸ್ತ್ರಿಗಳು, 60 ಮಂದಿ ಕೆಲಸ ಕಲಿಯುವವರು, ಮನುಷ್ಯರ ದನಿಯಲ್ಲಿ ಮಾತಾಡುವ ಒಂದು ಹಕ್ಕಿ. ರೊಮೇನಿಯಾದಲ್ಲಿ ಆರ್ಜೆಷ್ ಮಠ ಕಟ್ಟಿದ ಮೇಸ್ತ್ರಿ ಮನೋಲೆ. ಹಂಗೇರಿ ಭಾಷೆಯಲ್ಲಿ ದೇವಾ ಕೋಟೆಯ ಹನ್ನೆರಡು ಗಾರೆ ಕೆಲಸದವರು. ಬಲ್ಗೇರಿಯಾ, ಅಲ್ಬೇನಿಯಾಗಳಲ್ಲೂ ಉಂಟು. ಯಾರದು ಮೊದಲು ಎಂದು ಈ ನಾಡುಗಳ ವಿದ್ವಾಂಸರು ನೂರು ವರ್ಷಕ್ಕೂ ಹೆಚ್ಚು ಕಾಲ ವಾದಿಸಿದರು. ಬಹುಮಟ್ಟಿಗೆ ಪ್ರತಿಯೊಬ್ಬರ ಉತ್ತರವೂ ತಂತಮ್ಮ ನಾಡಿನ ಕಡೆಗೇ ವಾಲುತ್ತಿತ್ತು. 1995ರಲ್ಲಿ ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ ಒಂದು ಲೇಖನದಲ್ಲಿ ಇದನ್ನೇ ಎತ್ತಿ ಆಡಿದರು. ಭಾರತದಲ್ಲಿ ಇದೇ ಕಥೆ ಹಾಡಾಗಿ ಇರುವಾಗ ಅದರ ಕಡೆ ಕಣ್ಣೆತ್ತಿ ನೋಡದೆ ಬಾಲ್ಕನ್ನಿನೊಳಗೇ ಜಗಳವಾಡುವುದು ಸಂಕುಚಿತ ರಾಷ್ಟ್ರೀಯತೆ ಎಂಬುದು ಅವರ ವಾದ. ನಮ್ಮ ಭಾಗೀರಥಿಯ ಹಾಡು ಲೋಕದ ಚರ್ಚೆಯಲ್ಲಿ ಕೂರಬೇಕಾದ್ದು ಈ ಸಾಲಿನಲ್ಲೇ.

ಈಗ ಪಕ್ಕಪಕ್ಕದಲ್ಲಿಟ್ಟು ನೋಡಿ. ಕಲ್ಲನಕೇರಿಯ ಮಲ್ಲನಗೌಡನ ಕೆರೆ ಬೀಳುವುದಿಲ್ಲ, ಅದರಲ್ಲಿ ಹನಿ ನೀರು ಬರುವುದಿಲ್ಲ. ಬಲಿಯನ್ನು ಆರಿಸುವುದು ದೈವವಶದಿಂದ ಅಲ್ಲ, ಮನೆಯ ಹಿರಿಯರ ಲೆಕ್ಕಾಚಾರದಿಂದ: ಹಿರಿಸೊಸೆ ಹೋದರೆ ಹಿರಿತನಕ್ಕೆ ಯಾರು ಎಂದು ಕಿರಿಸೊಸೆಯ ಮೇಲೆ ಬರುತ್ತದೆ. ಗೊಯ್ಕೊನ ಹೆಂಡತಿಗೆ ಏನೂ ತಿಳಿದಿರುವುದಿಲ್ಲ. ಭಾಗೀರಥಿಗೆ ತಿಳಿಯುತ್ತದೆ, ತವರಿಗೆ ಹೋಗಿ, ಗೆಳತಿಯನ್ನು ಕಂಡು, ಮರಳಿ ಬಂದು ಕೆರೆಗೆ ಇಳಿಯುತ್ತಾಳೆ. ಗಂಡ ಮಾದೇವರಾಯ ಆಗ ದಂಡಿನಲ್ಲಿರುತ್ತಾನೆ, ಬಂದ ಮೇಲೆ ತಾನೂ ಹಾರುತ್ತಾನೆ. ಕಿರಿಯ ಸೊಸೆ, ಕಟ್ಟಡದ ಕೆಲಸ, ಮನೆಯವರ ಮೌನ, ಇವು ಎರಡೂ ಕಡೆ ಒಂದೇ. ಹಾಡಿನ ಬೆನ್ನೆಲುಬಾದ ಘಟನೆಗಳ ಸಾಲು ಮಾತ್ರ ಒಂದೇ ಅಲ್ಲ.

ರೋಮಾ ಜನ ಭಾರತದಿಂದ ಹೊರಟು ಪಶ್ಚಿಮಕ್ಕೆ ಹೋಗುವಾಗ ಈ ಕಥೆಯನ್ನೂ ಒಯ್ದಿರಬಹುದು ಎಂಬ ಊಹೆಯೂ ಇದೆ. ಅವರ ಭಾಷೆಯ ಬೇರು ಉತ್ತರ ಭಾರತದ ಭಾಷೆಗಳಲ್ಲಿದೆ, ಕನ್ನಡದಲ್ಲಿ ಅಲ್ಲ. ಆದ್ದರಿಂದ ‘ಕೆರೆಗೆ ಹಾರವೇ ಸ್ಕಾದರ್ ಹಾಡಿನ ತಾಯಿ’ ಎಂದು ಭಾಷಣದಲ್ಲಿ ಹೇಳುವುದು ಬಾಲ್ಕನ್ ವಿದ್ವಾಂಸರು ಮಾಡಿದ ತಪ್ಪನ್ನೇ ನಾವೂ ಮಾಡಿದಂತೆ. ಎರಡನ್ನೂ ಜೊತೆಗಿಟ್ಟು ಓದಿದರೆ ನಮ್ಮ ಹಾಡಿನಲ್ಲಿ ಆ ಹೆಣ್ಣುಮಗಳ ತಿಳಿವಳಿಕೆಗೆ ಸಿಕ್ಕಿರುವ ಜಾಗ ಎಷ್ಟು ದೊಡ್ಡದು ಎಂಬುದು ಎದ್ದು ಕಾಣುತ್ತದೆ. ನನಗೆ ಮೂಲದ ಪ್ರಶ್ನೆಗಿಂತ ಅದೇ ಮುಖ್ಯ.

ಪ್ರಶ್ನೆ: ಏಳರ ತಾಳ ಇದ್ದರೆ ಆ ಹಾಡು ಬಲ್ಗೇರಿಯಾದ್ದೇ ಎನ್ನುತ್ತಾರಲ್ಲ? (ಬೆಂಗಳೂರಿನ ಮೃದಂಗ ವಾದಕರು)

ಉತ್ತರ: ಅಲ್ಲ. ಬಾರ್ತೋಕ್ ‘ಬಲ್ಗೇರಿಯಾದ ಲಯ’ ಎಂದು ಹೆಸರಿಟ್ಟದ್ದರಿಂದ ಆ ಅಭಿಪ್ರಾಯ ಗಟ್ಟಿಯಾಯಿತು. 3+2+2 ಎಂಬ ಏಳು ಗ್ರೀಸಿನಲ್ಲಿ ಕಲಮತಿಯಾನೋಸ್, ಮ್ಯಾಸಿಡೋನಿಯಾದಲ್ಲಿ ಲೆಸ್ನೊತೊ ಎಂಬ ಕುಣಿತಗಳ ಲಯ. ನಿಮಗೆ ಅದು ಮಿಶ್ರಚಾಪು, ‘ತಕಿಟ ತಕಧಿಮಿ’. ಬಲ್ಗೇರಿಯಾದ ರಾಚೆನಿತ್ಸಾ 2+2+3, ವಿಲೋಮ ಚಾಪುವಿನ ಕಡೆಯದು. ಒಂಬತ್ತರ 2+2+2+3 ಬಲ್ಗೇರಿಯಾದಲ್ಲಿ ದಾಯ್ಚೊವೊ, ಟರ್ಕಿಯಲ್ಲಿ ಅಕ್ಸಾಕ್. ಹಾಗಾಗಿ ಮೊತ್ತ ಹೇಳಿದರೆ ಸಾಲದು, ಉದ್ದದ ಗುಂಪು ಎಲ್ಲಿ ಬರುತ್ತದೆ ಎಂದೂ ಬರೆಯಬೇಕು. ಪಾಶ್ಚಾತ್ಯ ಶಿಕ್ಷಣದ ವಾದಕರು 3+2+2ನ್ನು ನುಡಿಸುವಾಗ ಉದ್ದದ ಗುಂಪನ್ನು ತುಸು ಕುಗ್ಗಿಸಿ ಮೂರು ಸಮ ಏಟು ಮಾಡಿಬಿಡುವುದುಂಟು, ಆಗ ಅದು ವಾಲ್ಟ್ಸ್ ಆಗುತ್ತದೆ. ಚಾಪು ತಾಳ ಕೈಗೆ ಬಂದವರು ಆ ತಪ್ಪು ಮಾಡುವುದು ಕಡಿಮೆ.

ಪ್ರಶ್ನೆ: ನಮ್ಮ ಗಾಯನ ತಂಡ ‘ಮಕೆದೊನ್ಸ್ಕೊ ದೆವೊಯ್ಚೆ’ ಹಾಡಲಿದೆ. ಎಲ್ಲ ಕಡೆ ‘ಜಾನಪದ’ ಎಂದೇ ಇದೆ. ಅನುಮತಿ ಬೇಕೇ? (ಬೆಂಗಳೂರು)

ಉತ್ತರ: ಬೇಕಾಗಬಹುದು. ಅದು ಜಾನಪದವಲ್ಲ. ಯೊಂಚೆ ಹ್ರಿಸ್ತೊವ್ಸ್ಕಿ 1964ರಲ್ಲಿ ರಚಿಸಿದ ಹಾಡು. ಏಳರ ಲಯ, ಹಳ್ಳಿಯ ಧಾಟಿ ನೋಡಿ ಜನ ಹಳೆಯದೆಂದು ನಂಬಿದ್ದಾರೆ. ಕರ್ತೃ ತೀರಿಕೊಂಡದ್ದು 2000ದಲ್ಲಿ. ನಮ್ಮ ಕಾಯ್ದೆಯಲ್ಲಿ ಹಕ್ಕು ಕರ್ತೃವಿನ ಮರಣದ ನಂತರದ 60 ವರ್ಷ, ಅಂದರೆ 2060ರ ಕೊನೆಯವರೆಗೆ. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದ ಸಭೆಯಲ್ಲಿ ಹಾಡುವುದಕ್ಕೆ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಡುತ್ತದೆ. ಟಿಕೆಟ್ ಇದ್ದರೆ ಹಾಡುಗಳ ಹಕ್ಕುದಾರರ ಪರವಾಗಿ ಪರವಾನಗಿ ಕೊಡುವ ಐಪಿಆರ್‌ಎಸ್ ಸಂಸ್ಥೆಯ ಬಳಿ ಮೊದಲೇ ವಿಚಾರಿಸಿ. ಧ್ವನಿಮುದ್ರಿಸಿ ಬಿಡುಗಡೆ ಮಾಡುವುದಾದರೆ ಅದರ ಅನುಮತಿ ಬೇರೆ. ಕಾರ್ಯಕ್ರಮ ಪಟ್ಟಿಯಲ್ಲಿ ಕರ್ತೃವಿನ ಹೆಸರನ್ನಂತೂ ಹಾಕಲೇಬೇಕು.

ಇದರ ವಿರುದ್ಧ ದಿಕ್ಕಿನ ಪ್ರಕರಣವೂ ಇದೆ. ‘ಮಿಸಿರ್ಲೂ’ ಎಂಬ ಹಾಡು 1927ರಲ್ಲೇ ತೆತೋಸ್ ದಿಮಿತ್ರಿಯಾದಿಸ್ ಅವರ ದನಿಯಲ್ಲಿ ಮುದ್ರಣಗೊಂಡಿತ್ತು. 1941ರಲ್ಲಿ ನಿಕ್ ರುಬಾನಿಸ್ ಅದರ ಜಾಝ್ ರೂಪವನ್ನು ಹೊರತಂದು ಕರ್ತೃ ಎಂದು ತಮ್ಮ ಹೆಸರು ಹಾಕಿಕೊಂಡರು. ಡಿಕ್ ಡೇಲ್ ಗಿಟಾರಿನಲ್ಲಿ ನುಡಿಸಿದ್ದು 1962ರಲ್ಲಿ. ತಟ್ಟೆಯ ಮೇಲಿನ ಹೆಸರು ಹಣ ಯಾರಿಗೆ ಹೋಗುತ್ತದೆ ಎಂದು ಹೇಳುತ್ತದೆ, ಹಾಡು ಯಾರಿಂದ ಬಂತು ಎಂದು ಹೇಳಲೇಬೇಕೆಂದಿಲ್ಲ.

ಪ್ರಶ್ನೆ: ಕವಿ ಯಾರೆಂದು ಗೊತ್ತಿದ್ದರೆ ಅದು ಸೆವ್ದಾಲಿಂಕಾ ಆಗುವುದಿಲ್ಲವೇ? (ಮಂಗಳೂರು)

ಉತ್ತರ: ಆಗುತ್ತದೆ. ‘ಎಮಿನಾ’ ಮೊಸ್ತಾರಿನ ಸರ್ಬ್ ಕವಿ ಅಲೆಕ್ಸಾ ಶಾಂತಿಚ್ 1902ರಲ್ಲಿ ಬರೆದ ಕವಿತೆ, ಮುಸ್ಲಿಂ ಹುಡುಗಿಯೊಬ್ಬಳ ಚೆಲುವನ್ನು ಕುರಿತದ್ದು. ‘ಕ್ರಾಯ್ ತನಾನಾ ಶದ್ರ್ವಾನಾ’ ಎಂಬುದರ ಮೂಲ ಜರ್ಮನ್ ಕವಿ ಹೈನೆಯ ಕವಿತೆ. ಎರಡನ್ನೂ ಬೋಸ್ನಿಯಾದ ಜನ ತಮ್ಮ ಮನೆಯ ಹಾಡೆಂದೇ ಹಾಡುತ್ತಾರೆ.

ಪ್ರಶ್ನೆ: ಮಿಲಾದಿನೊವ್ ಸಹೋದರರ ಸಂಗ್ರಹದ ಹೆಸರಿನ ಬಗ್ಗೆಯೇ ಎರಡು ದೇಶಗಳಿಗೆ ಜಗಳ ಏಕೆ? (ಹಾಸನ)

ಉತ್ತರ: ಸಹೋದರರು ಹುಟ್ಟಿದ್ದು ಇಂದಿನ ಉತ್ತರ ಮ್ಯಾಸಿಡೋನಿಯಾದ ಸ್ತ್ರೂಗಾದಲ್ಲಿ. ಬಿಷಪ್ ಸ್ತ್ರೊಸ್ಮಾಯರ್ ಅವರ ನೆರವಿನಿಂದ 1861ರಲ್ಲಿ ಜಾಗ್ರೆಬ್‌ನಲ್ಲಿ ಪುಸ್ತಕ ಅಚ್ಚಾಯಿತು. ಅದರಲ್ಲಿ 665 ಹಾಡುಗಳಿವೆ, ಹೆಚ್ಚಿನವು ಮ್ಯಾಸಿಡೋನಿಯಾ ಪ್ರದೇಶದವು. ಮುಖಪುಟದಲ್ಲಿ ಇರುವುದು ‘ಬಲ್ಗೇರಿಯನ್ ಜಾನಪದ ಗೀತೆಗಳು’. ಮರುವರ್ಷವೇ ಇಬ್ಬರೂ ಇಸ್ತಾಂಬುಲ್‌ನ ಸೆರೆಯಲ್ಲಿ ತೀರಿಕೊಂಡರು. ಬಲ್ಗೇರಿಯಾದವರು ಶೀರ್ಷಿಕೆಯನ್ನು ತೋರಿಸುತ್ತಾರೆ, ಮ್ಯಾಸಿಡೋನಿಯಾದವರು ಹಾಡುಗಳ ಊರನ್ನೂ ನುಡಿಯನ್ನೂ ತೋರಿಸುತ್ತಾರೆ. 2020ರಲ್ಲಿ ಉತ್ತರ ಮ್ಯಾಸಿಡೋನಿಯಾ ಐರೋಪ್ಯ ಒಕ್ಕೂಟ ಸೇರುವ ಮಾತುಕತೆಗೆ ಬಲ್ಗೇರಿಯಾ ತಡೆ ಒಡ್ಡಿದಾಗ ಮುಂದಿಟ್ಟ ತಕರಾರುಗಳಲ್ಲೂ ಭಾಷೆ ಮತ್ತು ಇತಿಹಾಸವೇ ಇದ್ದವು. ಹಾಗಾಗಿ ಅಲ್ಲಿ ಇದು ಗ್ರಂಥಾಲಯದ ಚರ್ಚೆಯಾಗಿ ಉಳಿದಿಲ್ಲ.

ಬರೆಯುವವರಿಗೆ ದಾರಿ ಇದು: ಶೀರ್ಷಿಕೆಯನ್ನು 1861ರಲ್ಲಿ ಅಚ್ಚಾದಂತೆಯೇ ಕೊಡಿ, ಒಂದು ಪದವನ್ನೂ ಬಿಡಬೇಡಿ. ಪಕ್ಕದಲ್ಲೇ ಹಾಡು ಸಿಕ್ಕ ಊರನ್ನು ಇಂದಿನ ದೇಶದ ಹೆಸರಿನೊಂದಿಗೆ ಬರೆಯಿರಿ. 1861ರ ಪದವನ್ನು ಅಳಿಸುವುದೂ ತಪ್ಪು, ಆ ಪದದಿಂದ ಇಂದಿನ ಗಡಿ ಎಳೆಯುವುದೂ ತಪ್ಪು.

ಪ್ರಶ್ನೆ: ಯುನೆಸ್ಕೊ ಪಟ್ಟಿಗೆ ಸೇರಿದರೆ ಹಾಡು ಆ ದೇಶದ್ದೆಂದು ತೀರ್ಮಾನವಾದಂತೆ ಅಲ್ಲವೇ? (ಕಲಬುರಗಿ)

ಉತ್ತರ: ಇಲ್ಲ. ಆ ಪಟ್ಟಿ ಒಂದು ಸಮುದಾಯದಲ್ಲಿ ಜೀವಂತವಾಗಿರುವ ಆಚರಣೆಯನ್ನು ಗುರುತಿಸುತ್ತದೆ, ಹುಟ್ಟಿನ ಪ್ರಮಾಣಪತ್ರ ಕೊಡುವುದಿಲ್ಲ. ಗುಸ್ಲೆ ಎಂಬ ಕಮಾನಿನ ತಂತಿವಾದ್ಯದ ಜೊತೆಗಿನ ಹಾಡುಗಾರಿಕೆ 2018ರಲ್ಲಿ ಸರ್ಬಿಯಾದ ಹೆಸರಿನಲ್ಲಿ ಸೇರಿತು. ಮಾಂಟೆನೆಗ್ರೊ, ಬೋಸ್ನಿಯಾ, ಕ್ರೊಯೇಷಿಯಾಗಳಲ್ಲಿ ಗುಸ್ಲೆ ನುಡಿಸುವವರ ಹಕ್ಕು ಅದರಿಂದ ಕಡಿಮೆಯಾಗಲಿಲ್ಲ. ಸೆವ್ದಾಲಿಂಕಾ 2024ರಲ್ಲಿ ಬೋಸ್ನಿಯಾದಿಂದ ಸೇರಿದೆ. ಹಲವು ದೇಶಗಳು ಕೂಡಿಯೂ ಅರ್ಜಿ ಹಾಕಬಹುದು: ಮಾರ್ಚ್ ಒಂದರಂದು ಕೆಂಪು ಬಿಳಿ ದಾರ ಕಟ್ಟಿಕೊಳ್ಳುವ ಪದ್ಧತಿಯನ್ನು 2017ರಲ್ಲಿ ಬಲ್ಗೇರಿಯಾ, ಉತ್ತರ ಮ್ಯಾಸಿಡೋನಿಯಾ, ರೊಮೇನಿಯಾ, ಮೊಲ್ಡೋವಾ ಒಟ್ಟಾಗಿಯೇ ಸೇರಿಸಿದವು.